ಉಪ್ಪುನೀರಿನ ಟ್ಯಾಂಕಿಗೆ ಯಾವ ಮರಳು?

ಕಾವೇರಿ ಸೀಮೆಯವರಿಗೆ ಮರಳನ್ನು ಕಿಲೋ ಲೆಕ್ಕದಲ್ಲಿ ಕೊಂಡು ತರುವುದೆಂದರೆ ನಗು ಬರುತ್ತದೆ. ಕೊಳ್ಳೇಗಾಲದಿಂದ ಹೊಳೆ ದಾಟಿದರೆ ತಲಕಾಡಿನ ಮರಳಗುಡ್ಡೆಗಳು; ಯಳಂದೂರಿನ ಮಗ್ಗುಲಲ್ಲೇ ಸುವರ್ಣಾವತಿ; ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ದಾರಿ ಹಿಡಿದರೆ ಬೇಸಿಗೆಯಲ್ಲಿ ಬತ್ತಿದ ಹಳ್ಳಗಳ ತುಂಬ ಮರಳು. ಹೀಗಿರುವಾಗ ಉಪ್ಪುನೀರಿನ ಅಕ್ವೇರಿಯಂ ಕಟ್ಟಲು ಹೊರಟವರ ಮುಂದೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅಂಗಡಿಯವರು ‘ಅರಗೊನೈಟ್’ ಎಂಬ ಚೀಲ ಇಟ್ಟು ಬೆಲೆ ಹೇಳಿದರೆ, ಮರಳಿನ ಹೆಸರಲ್ಲಿ ಸುಲಿಗೆಯೇ ಎಂಬ ಅನುಮಾನ ಬರುವುದು ಸಹಜ.

ಸುಲಿಗೆಯೇನಲ್ಲ. ಹಾಗೆಂದು ಚೀಲದ ಮೇಲೆ ಅಚ್ಚಾದ ಭರವಸೆಗಳೆಲ್ಲ ನಿಜವೂ ಅಲ್ಲ. ಹವಳ, ಕಡಲ ಮೀನು, ಸೀಗಡಿ ಸಾಕುವ ಟ್ಯಾಂಕಿನ ತಳ ಬರೀ ಅಂದದ ಪ್ರಶ್ನೆಯಲ್ಲ. ಅಲ್ಲಿ ಯಾವ ಪ್ರಾಣಿ ನೆಮ್ಮದಿಯಾಗಿ ಇರಬಲ್ಲದು, ನೀರನ್ನು ಎಷ್ಟು ಜೋರಾಗಿ ಓಡಿಸಬಹುದು, ವಾರಕ್ಕೊಮ್ಮೆ ಎಷ್ಟು ಹೊತ್ತು ಕೈ ನೆನೆಸಬೇಕು ಎಂಬುದೆಲ್ಲ ಅದರ ಮೇಲೆ ನಿಂತಿದೆ. ಒಮ್ಮೆ ಹಾಕಿದ ಮರಳನ್ನು ಆಮೇಲೆ ಬದಲಾಯಿಸುವುದು ಟ್ಯಾಂಕನ್ನು ಹೊಸದಾಗಿ ಕಟ್ಟಿದಷ್ಟೇ ಕಷ್ಟ. ಆದ್ದರಿಂದ ಮೊದಲು ಪ್ರಾಣಿಗಳ ಪಟ್ಟಿ, ಆಮೇಲೆ ಮರಳು.

ಬಂಡೆಯ ಮರಳು, ಕಡಲ ಮರಳು

ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಎರಡರ ಸುತ್ತಲೂ ಇರುವುದು ನೈಸ್, ಚಾರ್ನೊಕೈಟ್‌ನಂಥ ಬಹಳ ಹಳೆಯ ಗಟ್ಟಿ ಬಂಡೆ. ಬಿಸಿಲು ಮಳೆಗೆ ಬಂಡೆ ಸವೆದಾಗ ಅದರಲ್ಲಿನ ಮೆದು ಖನಿಜಗಳು ಜೇಡಿಮಣ್ಣಾಗಿ ಕೊಚ್ಚಿಹೋಗುತ್ತವೆ. ಜಗ್ಗದೆ ಉಳಿಯುವುದು ಬೆಣಚು, ಅಂದರೆ ಸಿಲಿಕಾ. ನಮ್ಮ ಹೊಳೆ ಮರಳಿನಲ್ಲಿ ಬಹುಪಾಲು ಅದೇ; ಜೊತೆಗೆ ಅಷ್ಟಿಷ್ಟು ಫೆಲ್ಡ್‌ಸ್ಪಾರ್, ಮಿನುಗುವ ಅಭ್ರಕ, ಕರಿಯ ಕಬ್ಬಿಣದ ಖನಿಜದ ಕಣಗಳು.

ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಬಿಳಿ ಮರಳು ಹುಟ್ಟುವ ಬಗೆ ಬೇರೆ. ಅದು ಹವಳ, ಚಿಪ್ಪು, ಸುಣ್ಣದ ಪಾಚಿಗಳ ಚೂರು. ಗಿಳಿಮೀನು ಹವಳದ ಕಲ್ಲನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿಂದು, ಜೀರ್ಣವಾಗದ ಸುಣ್ಣವನ್ನು ಮರಳಾಗಿ ಹೊರಹಾಕುತ್ತದೆ. ದೊಡ್ಡ ಜಾತಿಯ ಒಂದೊಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಬಹಾಮಾಸ್ ದ್ವೀಪಗಳ ಸುತ್ತಲಿನ ಆಳವಿಲ್ಲದ ಬೆಚ್ಚಗಿನ ಕಡಲಲ್ಲಿ ಇನ್ನೊಂದು ಬಗೆಯ ಮರಳಿದೆ. ಅಲ್ಲಿ ನೀರಿನಲ್ಲಿ ಕರಗಿದ ಸುಣ್ಣ ಸಣ್ಣ ಕಣಗಳ ಸುತ್ತ ಪದರ ಪದರವಾಗಿ ಕಟ್ಟಿಕೊಂಡು ನುಣುಪಾದ ಗುಂಡುಹರಳಾಗುತ್ತದೆ. ಇವೆಲ್ಲದರಲ್ಲೂ ಹೆಚ್ಚಾಗಿರುವ ಖನಿಜದ ಹೆಸರು ಅರಗೊನೈಟ್. ಅದು ಕ್ಯಾಲ್ಸಿಯಂ ಕಾರ್ಬೊನೇಟ್‌ನ ಒಂದು ರೂಪ. ಸುಣ್ಣಕಲ್ಲು, ಅಮೃತಶಿಲೆಗಳಲ್ಲಿರುವ ಕ್ಯಾಲ್ಸೈಟ್ ಅದರದೇ ಇನ್ನೊಂದು ರೂಪ. ಆದರೆ ಅರಗೊನೈಟ್‌ನಷ್ಟು ಸುಲಭವಾಗಿ ಕರಗುವುದಿಲ್ಲ.

ಅರಗೊನೈಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

‘ಈ ಮರಳು ಹಾಕಿದರೆ ಪಿಎಚ್, ಕ್ಯಾಲ್ಸಿಯಂ ತಾನಾಗಿಯೇ ಸರಿಯಿರುತ್ತದೆ’ ಎನ್ನುವುದು ಅಂಗಡಿಯ ಮಾತು. ಹವಳದ ಟ್ಯಾಂಕಿನ ನೀರು ಸಾಮಾನ್ಯವಾಗಿ 8.0ರಿಂದ 8.3 ಪಿಎಚ್‌ನಲ್ಲಿರುತ್ತದೆ. ಅರಗೊನೈಟ್ ಕರಗಲು ಶುರುವಾಗುವುದು ಪಿಎಚ್ ಸುಮಾರು 7.7ಕ್ಕಿಂತ ಕೆಳಗಿಳಿದಾಗ. ಆಮ್ಲಜನಕ ಕಡಿಮೆಯಿದ್ದು ಪಿಎಚ್ ಇಳಿಯುವ ಮರಳಿನ ಒಳಪದರದಲ್ಲಿ ಒಂದಿಷ್ಟು ಕರಗಬಹುದು, ಅಷ್ಟೆ. ಬೆಳೆಯುವ ಹವಳಕ್ಕೆ ಅದು ಸಾಲದು. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರತೆ 8ರಿಂದ 9 ಡಿಕೆಎಚ್ ಆಸುಪಾಸಿನಲ್ಲಿ ಇರಬೇಕಾದರೆ ನೀರು ಬದಲಾಯಿಸಬೇಕು, ಇಲ್ಲವೇ ಅಳೆದು ಹೊರಗಿನಿಂದ ಹಾಕಬೇಕು.

ಹಾಗಾದರೆ ಅರಗೊನೈಟ್ ಯಾಕೆ? ಮೂರು ಕಾರಣ. ಉಪ್ಪುನೀರಿಗೆ ಬೇಡದ್ದನ್ನು ಅದು ಬಿಡುವುದಿಲ್ಲ. ಹರಳಿನ ಮೈ ಸೂಕ್ಷ್ಮ ರಂಧ್ರಗಳಿಂದ ಕೂಡಿರುವುದರಿಂದ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತವೆ. ಮರಳಿನಲ್ಲಿ ಹೂತುಕೊಳ್ಳುವ ಕಡಲ ಜೀವಿಗಳ ಮೈಗೆ ಅದು ಒಗ್ಗಿದ ನೆಲ. ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಮರಳಿನ ಮೇಲ್ಪದರದಲ್ಲೂ ಕಲ್ಲಿನ ಮೈಮೇಲೂ ಇರುತ್ತವೆ. ಟ್ಯಾಂಕಿನಲ್ಲಿ ಸಾಕಷ್ಟು ರಂಧ್ರವಿರುವ ಕಲ್ಲಿದ್ದರೆ ಈ ಕೆಲಸಕ್ಕೆ ಮರಳೇ ಬೇಕೆಂದಿಲ್ಲ ಎಂಬುದನ್ನೂ ನೆನಪಿಡಿ.

ಕೈಗೆ ಸಿಗುವ ಮರಳು ಯಾಕೆ ಬೇಡ

ಹೊಳೆ ಮರಳಿನ ಮೇಲಿರುವ ದೊಡ್ಡ ಆರೋಪ, ಅದರ ಸಿಲಿಕಾ ಕರಗಿ ಕಂದು ಪಾಚಿ ಬೆಳೆಸುತ್ತದೆ ಎನ್ನುವುದು. ಇದು ಅರ್ಧ ಸುಳ್ಳು. ಬೆಣಚು ನೀರಿನಲ್ಲಿ ಕರಗುವುದು ಅತಿ ನಿಧಾನ. ಪಾಚಿಗೆ ಉಣಿಸುವಷ್ಟು ಅದರಿಂದ ಬರುವುದಿಲ್ಲ. ಬೇಡವೆನ್ನಲು ನಿಜವಾದ ಕಾರಣಗಳು ಬೇರೆ ಇವೆ.

ಮೊದಲನೆಯದು ಕರಿಯ ಕಣಗಳು. ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಖನಿಜ ಆಯಸ್ಕಾಂತಕ್ಕೆ ಅಂಟುತ್ತದೆ. ಗಾಜು ಉಜ್ಜಲು ಬಳಸುವ ಮ್ಯಾಗ್ನೆಟ್ ಬ್ರಷ್ ಮರಳಿನ ಹತ್ತಿರ ಹೋದಾಗ ಈ ಕಣಗಳನ್ನು ಎಳೆದುಕೊಂಡು ಗಾಜಿನ ಮೇಲೆ ಗೀರು ಹಾಕುತ್ತದೆ. ಆ ಗೀರು ಹೋಗುವುದಿಲ್ಲ.

ಎರಡನೆಯದು ಹೊಲದ ನೀರು. ಹೊಳೆಗೆ ಬಂದು ಸೇರುವುದು ಬಾಳೆ, ಅರಿಶಿನ, ಕಬ್ಬು, ಹಿಪ್ಪುನೇರಳೆ ತೋಟಗಳ ಬಸಿನೀರು. ರಂಜಕದ ಗೊಬ್ಬರದ ಶೇಷ ಪಾಚಿ ಬೆಳೆಸುತ್ತದೆ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧಿಗಳಲ್ಲಿ ತಾಮ್ರ ಇರುವುದುಂಟು. ಬೋರ್ಡೋ ದ್ರಾವಣದ ಮೂಲವೇ ಮೈಲುತುತ್ತ. ತಾಮ್ರ ಸ್ವಲ್ಪವೇ ಇದ್ದರೂ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ಮರಳನ್ನು ಎಷ್ಟು ತೊಳೆದರೂ ಒಳಗೆ ಏನು ಅಂಟಿಕೊಂಡಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಮೂರನೆಯದು ಕಾನೂನು. ಪರವಾನಗಿಯಿಲ್ಲದೆ ಹೊಳೆ ಮರಳು ತೆಗೆಯುವುದು ಅಪರಾಧ. ಬೆಟ್ಟದ ಸುತ್ತಲಿನ ಕಾಡು 2013ರಿಂದ ಮಲೆ ಮಹದೇಶ್ವರ ವನ್ಯಜೀವಿಧಾಮ. ಅದಕ್ಕೆ ಹೊಂದಿಕೊಂಡ ಕಾವೇರಿ ವನ್ಯಜೀವಿಧಾಮ 1987ರದು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಹಳ್ಳಗಳಿಂದ ಒಂದು ಬಕೆಟ್ ಮರಳು, ನಾಲ್ಕು ಚೆಂದದ ಕಲ್ಲು ತರುವುದೂ ತಪ್ಪೇ.

ಹೊಳೆ ಮರಳಿನ ಬದಲು ಬೇರೆ ಏನಾದರೂ ಎಂದು ಹುಡುಕುವವರಿಗೆ ಕಣ್ಣಿಗೆ ಬೀಳುವ ಇನ್ನು ಕೆಲವು ಸಾಮಾನುಗಳು:

ಎಂ-ಸ್ಯಾಂಡ್: ಯಂತ್ರದಲ್ಲಿ ಒಡೆದ ಕಲ್ಲು. ಅಂಚು ಚೂಪು, ಕಲ್ಲುಹುಡಿ ವಿಪರೀತ. ಮರಳು ಜರಡಿ ಹಿಡಿಯುವ ಮೀನಿನ ಕಿವಿರಿಗೆ ಗಾಯವಾಗುತ್ತದೆ. ಬೇಡ.

ಕರಿಕಲ್ಲಿನ ಚೂರು: ಚಾಮರಾಜನಗರ ಸೀಮೆಯ ಕರಿಕಲ್ಲು ಹೆಸರುವಾಸಿ, ಪಾಲಿಶ್ ಘಟಕಗಳ ಬಳಿ ಚೂರು ಸುಲಭವಾಗಿ ಸಿಗುತ್ತದೆ. ಇದರಲ್ಲೂ ಅಂಚು ಚೂಪು, ಕಬ್ಬಿಣದ ಅಂಶ ಹೆಚ್ಚು. ಬೇಡ.

ಕೋಳಿ ಫಾರಂನ ಚಿಪ್ಪಿನ ಚೂರು: ಸುಣ್ಣವೇ ಹೌದು, ಅಗ್ಗವೂ ಹೌದು. ಆದರೆ ಚಪ್ಪಟೆ, ಮೊನಚು ಚೂರುಗಳ ಸಂದಿಯಲ್ಲಿ ಕೊಳೆ ಕೂರುತ್ತದೆ. ಒಣಗಿದ ಮಾಂಸದ ಅಂಶ ಉಳಿದಿದ್ದರೆ ನೀರು ಕೆಡುತ್ತದೆ.

ಅಮೃತಶಿಲೆಯ ಚೂರು, ಹೊಲದಲ್ಲಿ ಸಿಗುವ ಸುಣ್ಣಕಲ್ಲು: ಮೊದಲನೆಯದರಿಂದ ಅಪಾಯವೂ ಇಲ್ಲ, ಉಪಯೋಗವೂ ಇಲ್ಲ. ಎರಡನೆಯದರಲ್ಲಿ ಮಣ್ಣು ಬೆರೆತಿರುತ್ತದೆ, ಬೇಡ.

ಇನ್ನು ಹೊಳೆ ಮರಳು ನಿಜಕ್ಕೂ ಒಪ್ಪುವ ಜಾಗವೊಂದಿದೆ: ಸಿಹಿನೀರಿನ ಟ್ಯಾಂಕು. ಸಕ್ರಮವಾಗಿ ಕೊಂಡ ಮರಳನ್ನು ಜರಡಿ ಹಿಡಿದು, ಚೆನ್ನಾಗಿ ತೊಳೆದು ಹಾಕಿದರೆ ಗೆಂಡೆ ಜಾತಿಯ ಮೀನುಗಳಿಗೆ ಅದು ಹೇಳಿಮಾಡಿಸಿದ ನೆಲ.

ಕಂದು ಪುಡಿ: ಮರಳಿನ ತಪ್ಪಲ್ಲ

ಹೊಸ ಟ್ಯಾಂಕಿನ ಬಿಳಿ ಮರಳಿನ ಮೇಲೆ ಕೆಲವೇ ವಾರಗಳಲ್ಲಿ ಕಂದು ಪುಡಿ ಹರಡಿಕೊಂಡರೆ ಎಲ್ಲರೂ ಬೈಯುವುದು ಮರಳನ್ನು. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ತನ್ನ ಕವಚ ಕಟ್ಟಿಕೊಳ್ಳಲು ಅದಕ್ಕೆ ಕರಗಿದ ಸಿಲಿಕಾ ಬೇಕು. ನಮ್ಮ ಕಡೆ ಅದು ಬರುವ ದಾರಿ ಬೋರ್‌ವೆಲ್. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಸಿಲಿಕಾವನ್ನೂ ಗಡಸುತನದ ಲವಣಗಳನ್ನೂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಆ ನೀರಿಗೆ ಉಪ್ಪು ಬೆರೆಸಿ ತುಂಬಿದರೆ, ಬೇಸಿಗೆಯಲ್ಲಿ ಆವಿಯಾದಷ್ಟನ್ನೂ ಅದರಿಂದಲೇ ಸರಿದೂಗಿಸಿದರೆ, ಎಷ್ಟು ದುಬಾರಿ ಮರಳು ಹಾಕಿದರೂ ಕಂದು ಪುಡಿ ತಪ್ಪದು.

ಆರ್‌ಒ ನೀರು ಬಳಸಿ. ಅದರ ಮುಂದೆ ಉಳಿದ ಲವಣಗಳನ್ನು ಹಿಡಿಯುವ ಡಿಐ ರೆಸಿನ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಕುಡಿಯುವ ನೀರಿನ ಮನೆ ಯಂತ್ರಗಳಲ್ಲಿ ರುಚಿಗಾಗಿ ಹಸಿ ನೀರನ್ನು ಮತ್ತೆ ಬೆರೆಸುವ ವ್ಯವಸ್ಥೆ ಇರುವುದುಂಟು, ಅದನ್ನು ಮುಚ್ಚಿಸಬೇಕು. ಕೈಯಲ್ಲೊಂದು ಟಿಡಿಎಸ್ ಮೀಟರ್ ಇರಲಿ. ಡಿಐ ದಾಟಿ ಬಂದ ನೀರು 0 ತೋರಿಸಬೇಕು. ದುಬಾರಿ ಮರಳಿಗೆ ದುಡ್ಡು ಸುರಿಯುವ ಮೊದಲು ನೀರಿಗೆ ಹಾಕುವುದು ಬುದ್ಧಿವಂತಿಕೆ.

ಕಡಲತೀರದಿಂದ ತಂದರೆ?

ಮಲ್ಪೆ, ಮುರ್ಡೇಶ್ವರಕ್ಕೆ ಪ್ರವಾಸ ಹೋದಾಗ ಒಂದು ಚೀಲ ತುಂಬಿಕೊಂಡು ಬಂದರಾಯಿತಲ್ಲ ಎನ್ನಬೇಡಿ. ಕರ್ನಾಟಕದ ತೀರದ ಮರಳು ಕೂಡ ಬಹುಪಾಲು ಘಟ್ಟದಿಂದ ಹೊಳೆಗಳು ಹೊತ್ತು ತಂದ ಬೆಣಚು. ಜೊತೆಗೆ ದೋಣಿಯ ಎಣ್ಣೆ, ಊರಿನ ಕೊಳಚೆ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ತೆಗೆಯುವುದಕ್ಕೂ ನಿರ್ಬಂಧವಿದೆ.

ರಾಮೇಶ್ವರ, ಲಕ್ಷದ್ವೀಪಗಳ ಕಡೆಯಿಂದ ‘ಕೋರಲ್ ಚೂರು’ ತರಿಸಿಕೊಡುತ್ತೇವೆ ಎನ್ನುವವರಿದ್ದರೆ ಇನ್ನೂ ಎಚ್ಚರವಾಗಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳ ಇಡೀ ಗಣ, ಕರಿಹವಳ, ಬೆಂಕಿಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆ ಎಲ್ಲವೂ ಸೇರಿದವು. ಕಡಲಕುದುರೆ, ಕಡಲಸೌತೆ, ಕೆಲವು ದೈತ್ಯ ಕಪ್ಪೆಚಿಪ್ಪುಗಳೂ ಆಗಲೇ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಸತ್ತ ಹವಳದ ತುಂಡಿಗೂ ಅದು ಅನ್ವಯ. ಹವಳದ ಬಂಡೆಯಿಂದ ಕಿತ್ತ ‘ಲೈವ್ ರಾಕ್’ ಕೂಡ ಇದೇ ಸಾಲಿಗೆ ಬರುತ್ತದೆ. ಆದ್ದರಿಂದ ಕಲ್ಲಿಗೆ ಕೃತಕವಾಗಿ ತಯಾರಿಸಿದ ಒಣ ರಾಕ್, ಮರಳಿಗೆ ಮೂಲ ನಮೂದಿಸಿದ, ಬಿಲ್ ಸಿಗುವ, ಕಂಪನಿಯ ಪ್ಯಾಕಿನ ಅರಗೊನೈಟ್: ಇವೆರಡೇ ನೇರ ದಾರಿ. ಗುಂಡುಹರಳಿನ ಬಹಾಮಾಸ್ ಬಗೆಯದಾದರೆ ಅದು ಹವಳದ ಪುಡಿಯೇ ಅಲ್ಲ.

ಜೀವಂತ ಹವಳ ಕೊಳ್ಳುವಾಗಲೂ ಕಾಗದಪತ್ರ ಕೇಳಿ. ಜಗತ್ತಿನ ಎಲ್ಲ ಕಲ್ಲುಹವಳಗಳೂ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಆ ಪಟ್ಟಿಯ ಜೀವಿಗಳಿಗೆ ನಮ್ಮ ಕಾಯ್ದೆಯಲ್ಲೇ ಪ್ರತ್ಯೇಕ ಅಧ್ಯಾಯವಿದೆ. ದಾಖಲೆ ತೋರಿಸಲು ಹಿಂಜರಿಯುವ ಅಂಗಡಿಯಿಂದ ಏನನ್ನೂ ತರಬೇಡಿ.

ಹರಳು ಎಷ್ಟು ದಪ್ಪ ಇರಬೇಕು

ಅಂಗಡಿಯಲ್ಲಿ ಸಿಗುವ ಅರಗೊನೈಟನ್ನು ಮೂರು ಗುಂಪು ಮಾಡಬಹುದು. ಚಿರೋಟಿ ರವೆಯಿಂದ ಸಕ್ಕರೆ ಹರಳಿನವರೆಗಿನ ನಯ ಮರಳು (1 ಮಿ.ಮೀ. ಒಳಗೆ), ದಪ್ಪ ರವೆಯಷ್ಟಿರುವ ಮಧ್ಯಮ ಮರಳು (1ರಿಂದ 2 ಮಿ.ಮೀ.), ಅದಕ್ಕೂ ಮೇಲಿನ ಒರಟು ಚೂರು (2ರಿಂದ 5 ಮಿ.ಮೀ.).

ನಯ ಮರಳು ನೋಡಲು ಚೆಂದ. ಕೊಳೆ ಅದರ ಮೇಲೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಹೂತುಕೊಳ್ಳುವ ಮೀನಿಗೆ ಹಿತ. ಆದರೆ ನೀರು ಓಡಿಸುವ ವೇವ್‌ಮೇಕರ್ ಸ್ವಲ್ಪ ಜೋರಾದರೂ ಹಾರಿ ಹವಳದ ಮೇಲೆ ಕೂರುತ್ತದೆ; ಒಂದು ಮೂಲೆಯಲ್ಲಿ ಗಾಜು ಕಂಡರೆ ಇನ್ನೊಂದು ಮೂಲೆಯಲ್ಲಿ ಗುಡ್ಡೆ.

ಒರಟು ಚೂರು ಹಾರುವುದಿಲ್ಲ. ಆದರೆ ತಿನ್ನದೆ ಬಿಟ್ಟ ಆಹಾರ, ಹಿಕ್ಕೆ ಎಲ್ಲವೂ ಸಂದಿಗಿಳಿದು ಅಲ್ಲೇ ಕೊಳೆಯುತ್ತದೆ. ವಾರವಾರ ಸೈಫನ್ ಪೈಪಿನಿಂದ ಎಳೆಯದಿದ್ದರೆ ನೈಟ್ರೇಟ್ ಏರುತ್ತಲೇ ಹೋಗುತ್ತದೆ. ಹಳೆಯ ಪುಸ್ತಕಗಳು ಇದನ್ನು ಶಿಫಾರಸು ಮಾಡಿದ್ದು ಮರಳಿನ ಅಡಿಯಿಂದ ನೀರೆಳೆಯುವ ಅಂಡರ್‌ಗ್ರಾವೆಲ್ ಫಿಲ್ಟರ್‌ಗಳ ಕಾಲಕ್ಕೆ. ಇಂದಿನ ಟ್ಯಾಂಕಿಗೆ ಅದು ಬೇಕಿಲ್ಲ.

ಮಧ್ಯಮ ಮರಳು ಎರಡರ ನಡುವಿನ ರಾಜಿ. ಸಾಧಾರಣ ಹರಿವಿಗೆ ಜಗ್ಗುವುದಿಲ್ಲ, ಸೈಫನ್ ಹಾಕಿದರೆ ಪೈಪಿನೊಳಗೆ ಪೂರಾ ಏರಿ ಹೋಗುವುದೂ ಇಲ್ಲ. ಮೊದಲ ಟ್ಯಾಂಕಿಗೆ ಇದೇ ಸಲೀಸು.

ಎಷ್ಟು ಆಳ

ತೆಳು ಹಾಸು, 2.5ರಿಂದ 5 ಸೆಂ.ಮೀ.: ಹೆಚ್ಚಿನ ಮನೆ ಟ್ಯಾಂಕುಗಳಿಗೆ ಇಷ್ಟು ಸಾಕು. ಸೈಫನ್ ತಳದವರೆಗೆ ಮುಟ್ಟುತ್ತದೆ, ಕೊಳೆ ಮನೆ ಮಾಡುವುದಿಲ್ಲ.

ಆಳದ ಹಾಸು, 10ರಿಂದ 15 ಸೆಂ.ಮೀ.: ಆಮ್ಲಜನಕ ಮುಟ್ಟದ ಒಳಪದರದ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾಡಿ ಬಿಡುತ್ತವೆ ಎಂಬುದು ಇದರ ಹಿಂದಿನ ತತ್ವ. 1990ರ ದಶಕದಲ್ಲಿ ಅಮೆರಿಕದ ಜೀವವಿಜ್ಞಾನಿ ರಾನ್ ಶಿಮೆಕ್ ಬರಹಗಳಿಂದ ಇದು ಹವ್ಯಾಸಿಗಳ ನಡುವೆ ಹಬ್ಬಿತು. ಅದಕ್ಕೂ ಮುಂಚೆ ಫ್ರಾನ್ಸಿನ ವಿಜ್ಞಾನಿ ಝಾನ್ ಜೋಬೇರ್ ಮರಳಿನ ಅಡಿಯಲ್ಲಿ ಜಾಲರಿ ಇಟ್ಟು ಖಾಲಿ ಜಾಗ ಬಿಡುವ ವಿಧಾನವನ್ನು ರೂಪಿಸಿದ್ದರು. ಎರಡೂ ಕೆಲಸ ಮಾಡುತ್ತವೆ, ಆದರೆ ಮರಳಿನೊಳಗೆ ಹುಳು-ಹುಪ್ಪಟೆಗಳ ತುಂಬು ಸಂಸಾರ ಇದ್ದರೆ ಮಾತ್ರ. ಅವು ಕಡಿಮೆಯಾದರೆ ಹಾಸು ಗಟ್ಟಿಯಾಗುತ್ತದೆ, ಕೊಳೆ ಶೇಖರವಾಗುತ್ತದೆ. ಆಮೇಲೆ ಯಾರೋ ಕೈಹಾಕಿ ಕಲಕಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬಂದು ಟ್ಯಾಂಕೇ ಹೋಗಬಹುದು. ನೊರೆಯೊಂದಿಗೆ ಕೊಳೆ ತೆಗೆಯುವ ಸ್ಕಿಮ್ಮರ್ ಮತ್ತು ನೀರಿನ ಬದಲಾವಣೆಯಿಂದಲೇ ನೈಟ್ರೇಟ್ ಹತೋಟಿಗೆ ಸಿಗುವಾಗ ಹೊಸಬರು ಇದಕ್ಕೆ ಕೈಹಾಕುವುದು ಬೇಡ.

ಇವೆರಡರ ನಡುವಿನ 5ರಿಂದ 10 ಸೆಂ.ಮೀ. ಹಾಸು ತ್ರಿಶಂಕು ಸ್ಥಿತಿ: ಪೂರ್ತಿ ಸ್ವಚ್ಛ ಮಾಡಲು ಹೆಚ್ಚು, ನೈಟ್ರೇಟ್ ತೆಗೆಯಲು ಕಡಿಮೆ. ಅಷ್ಟು ಆಳ ಬೇಕೇ ಬೇಕೆನ್ನುವ ಪ್ರಾಣಿ ಇಲ್ಲದಿದ್ದರೆ ಹಾಕಬೇಡಿ.

ಬರಿ ಗಾಜು: ಮರಳೇ ಇಲ್ಲದ ತಳ. ಜರ್ಮನಿಯ ಹವ್ಯಾಸಿಗಳು ಬೆಳೆಸಿದ, ಕಲ್ಲು ಮತ್ತು ಸ್ಕಿಮ್ಮರ್ ಮೇಲೇ ಟ್ಯಾಂಕ್ ನಡೆಸುವ ‘ಬರ್ಲಿನ್ ಪದ್ಧತಿ’ಯ ಹಾದಿ ಇದು. ಜೋರು ಹರಿವು ಬೇಡುವ ಅಕ್ರೊಪೊರಾದಂಥ ಹವಳಗಳಿಗೆ ಇದು ಅನುಕೂಲ. ಕೊಳೆ ಕಂಡಲ್ಲೇ ಎಳೆದುಬಿಡಬಹುದು. ಕಣ್ಣಿಗೆ ಬೋಳು ಎನಿಸುವುದು ನಿಜ. ಕಾಲಕ್ರಮದಲ್ಲಿ ನೇರಳೆ ಬಣ್ಣದ ಸುಣ್ಣದ ಪಾಚಿ ಗಾಜನ್ನು ಮುಚ್ಚಿದ ಮೇಲೆ ಅಷ್ಟು ಕೆಡುಕಾಗಿ ಕಾಣುವುದಿಲ್ಲ.

ಯಾರಿಗೆ ಯಾವ ನೆಲ

ಕ್ಲೌನ್‌ಫಿಶ್‌ಗೆ ಮರಳಿನ ಹಂಗಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವುಗಳ ಮರಿ ಮಾಡಿಸುವ ತಂತ್ರವನ್ನು ನಮ್ಮ ದೇಶದಲ್ಲೇ ಸಿದ್ಧಪಡಿಸಿದೆ. ಕಡಲಿಂದ ಹಿಡಿದದ್ದರ ಬದಲು ಮರಿಕೇಂದ್ರದ ಮೀನನ್ನೇ ಕೇಳಿ ತನ್ನಿ. ಬರಿ ಗಾಜಿನ ಟ್ಯಾಂಕಿನಲ್ಲೂ ಅವು ಚೆನ್ನಾಗಿರುತ್ತವೆ.

ಹ್ಯಾಲಿಕೋರಿಸ್ ಜಾತಿಯ ವ್ರ್ಯಾಸ್‌ಗಳು ರಾತ್ರಿ ಮಲಗುವುದೇ ಮರಳಿನೊಳಗೆ; ಹೆದರಿದಾಗಲೂ ಅದರೊಳಗೇ ಧುಮುಕುತ್ತವೆ. ಅವಕ್ಕೆ ಕನಿಷ್ಠ 5 ಸೆಂ.ಮೀ. ನಯ ಮರಳು ಬೇಕು. ಒರಟು ಚೂರಿನಲ್ಲಿ ಮೈ ತರಚಿ ಸೋಂಕಾಗುತ್ತದೆ.

ಮರಳು ಜರಡಿ ಹಿಡಿಯುವ ಗೋಬಿಗಳು ಬಾಯ್ತುಂಬ ಮರಳು ತೆಗೆದು ಕಿವಿರಿನಿಂದ ಉದುರಿಸುತ್ತವೆ. ತಳವನ್ನು ಬೆಳ್ಳಗಿಡುತ್ತವೆ ಎಂದು ಜನ ಮುಗಿಬಿದ್ದು ಕೊಳ್ಳುತ್ತಾರೆ. ಆದರೆ ಸಣ್ಣ ಟ್ಯಾಂಕಿನ ಮರಳಿನಲ್ಲಿರುವ ಸೂಕ್ಷ್ಮ ಜೀವಿಗಳನ್ನೆಲ್ಲ ಬೇಗ ಮುಗಿಸಿ ಅವು ಬಡವಾಗುತ್ತವೆ. ಬೇರೆ ಆಹಾರ ತಿನ್ನುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿ ತನ್ನಿ. ಮರಳು ಜಾಲಾಡುವ ನಕ್ಷತ್ರಮೀನಿನದೂ ಇದೇ ಕಥೆ, ಅದನ್ನು ತಾರದಿರುವುದೇ ಲೇಸು.

ಪಿಸ್ಟಲ್ ಸೀಗಡಿ ಮತ್ತು ಅದರ ಜೊತೆಗಾರ ಗೋಬಿ ಕೂಡಿ ಬಿಲ ತೋಡುತ್ತವೆ. ನಯ ಮರಳಿನೊಂದಿಗೆ ಒಂದಿಷ್ಟು ಚೂರು ಬೆರೆಸಿದರೆ ಬಿಲದ ಸೂರು ನಿಲ್ಲುತ್ತದೆ. ಜಾಫಿಶ್‌ಗೆ ಇದೇ ಮಿಶ್ರಣ 12 ಸೆಂ.ಮೀ.ಗಿಂತ ಆಳ ಬೇಕು. ಇಡೀ ಟ್ಯಾಂಕಿಗೆ ಅಷ್ಟು ಹಾಕುವ ಬದಲು ಒಂದು ಮೂಲೆಯಲ್ಲಿ ಡಬ್ಬಿ ಇಟ್ಟು, ಅದರಲ್ಲಷ್ಟೇ ಆಳವಾಗಿ ತುಂಬಿ, ಮುಂದೆ ಕಲ್ಲು ಮರೆ ಮಾಡಬಹುದು.

ತಳ ಸ್ವಚ್ಛವಿಡಲು ನಂಬಿಕಸ್ಥ ಕೆಲಸಗಾರ ನಸ್ಸೇರಿಯಸ್ ಬಸವನಹುಳು. ಮರಳಿನಲ್ಲಿ ಹೂತಿದ್ದು ಆಹಾರದ ವಾಸನೆ ಬಂದೊಡನೆ ಸೊಂಡಿಲು ಎತ್ತಿಕೊಂಡು ಮೇಲೇಳುತ್ತದೆ. ಮೇಲ್ಪದರವನ್ನು ಸದಾ ಸಡಿಲವಾಗಿ ಇಡುತ್ತದೆ. ಇದಕ್ಕೂ ಮರಳು ನಯ ಅಥವಾ ಮಧ್ಯಮವಾಗಿರಬೇಕು.

ಮನೆಯಲ್ಲೇ ಮೂರು ಪರೀಕ್ಷೆ

ಚೀಲ ತಂದ ಮೇಲೆ, ಟ್ಯಾಂಕಿಗೆ ಸುರಿಯುವ ಮೊದಲು:

ಒಂದು ಚಮಚ ಮರಳಿಗೆ ವಿನೆಗರ್ ಹನಿಸಿ. ಬುರುಬುರು ನೊರೆ ಬಂದರೆ ಅದು ಸುಣ್ಣದ ಜಾತಿ. ಬರದಿದ್ದರೆ ನಿಮಗೆ ಮಾರಿದ್ದು ಬೆಣಚು. ಆದರೆ ಅರಗೊನೈಟೋ ಕ್ಯಾಲ್ಸೈಟೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಪ್ಲಾಸ್ಟಿಕ್ ಸುತ್ತಿದ ಆಯಸ್ಕಾಂತವನ್ನು ಒಣ ಮರಳಿನಲ್ಲಿ ಆಡಿಸಿ. ಕರಿಯ ಕಣ ಮೆತ್ತಿಕೊಂಡರೆ ಗಾಜಿಗೆ ಅಪಾಯ. ಕರಿಮರಳು ಇಷ್ಟಪಡುವವರು ಈ ಪರೀಕ್ಷೆ ತಪ್ಪಿಸಲೇಬಾರದು.

ಒಂದು ಹಿಡಿ ಮರಳನ್ನು ಒಂದು ಲೋಟ ಆರ್‌ಒ ನೀರಿನಲ್ಲಿ ಕೆಲವು ದಿನ ನೆನೆಸಿ, ಆ ನೀರಿಗೆ ಫಾಸ್ಫೇಟ್ ಕಿಟ್ ಹಾಕಿ ನೋಡಿ. ಹಳೆಯ ಟ್ಯಾಂಕಿನ ಮರಳು, ಮೂಲ ಗೊತ್ತಿಲ್ಲದ ಚೂರುಗಳಲ್ಲಿ ಫಾಸ್ಫೇಟ್ ಅಂಟಿಕೊಂಡಿದ್ದು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ.

ಎಷ್ಟು ಕಿಲೋ

ಲೆಕ್ಕ ಸುಲಭ. ಟ್ಯಾಂಕಿನ ಉದ್ದ, ಅಗಲ, ಬೇಕಾದ ಆಳ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಒಣ ಅರಗೊನೈಟ್ ಲೀಟರಿಗೆ ಹೆಚ್ಚುಕಡಿಮೆ 1.5 ಕಿಲೋ ತೂಗುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿಗೆ 4 ಸೆಂ.ಮೀ. ಹಾಸು ಎಂದರೆ ಸುಮಾರು 16 ಲೀಟರ್, ಅಂದರೆ 24 ಕಿಲೋ. 2.5 ಸೆಂ.ಮೀ.ಗೆ 15 ಕಿಲೋ ಸಾಕು. ಕಲ್ಲು ಕೂರುವ ಜಾಗಕ್ಕೆ ಮರಳು ಬೇಡವಾದ್ದರಿಂದ ಲೆಕ್ಕಕ್ಕಿಂತ ತುಸು ಕಡಿಮೆಯೇ ತನ್ನಿ. ಸಾಲದಿದ್ದರೆ ಆಮೇಲೆ ಸೇರಿಸಬಹುದು.

ಒಣ ಮರಳೋ, ಬ್ಯಾಕ್ಟೀರಿಯಾ ಸಹಿತ ಒದ್ದೆಯಾಗಿ ಬರುವ ‘ಲೈವ್ ಸ್ಯಾಂಡ್’ ಚೀಲವೋ? ಎರಡನೆಯದು ದುಬಾರಿ. ಆಮದಾಗಿ, ಗೋದಾಮಿನಲ್ಲಿ ಕೂತು, ಏಪ್ರಿಲ್ ಬಿಸಿಲಿನಲ್ಲಿ ಪಾರ್ಸೆಲ್ ಗಾಡಿಯಲ್ಲಿ ಕೊಳ್ಳೇಗಾಲ ತಲುಪುವಷ್ಟರಲ್ಲಿ ಅದರಲ್ಲಿ ಬದುಕಿ ಉಳಿದದ್ದೆಷ್ಟು ಎಂದು ಹೇಳುವುದು ಕಷ್ಟ. ಒಣ ಮರಳು ತಂದು, ಬಾಟಲಿಯ ಬ್ಯಾಕ್ಟೀರಿಯಾ ಹಾಕಿ, 4ರಿಂದ 6 ವಾರ ಕಾಯುವುದು ನಮ್ಮ ಕಡೆಗೆ ವಾಸಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಮೊದಲ ಮೀನು.

ಹಾಕುವ ಕ್ರಮ

ಒಣ ಮರಳನ್ನು ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ತೊಳೆಯಿರಿ. ನೀರಿನ ಹಾಲುಬಣ್ಣ ಹೋಗುವವರೆಗೆ ನಲ್ಲಿ ನೀರು ಸಾಕು, ಕೊನೆಯ ಜಾಲನೆಗೆ ಆರ್‌ಒ ನೀರು.

ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲು ಪೇರಿಸಿದರೆ ಬಿಲ ತೋಡುವ ಮೀನು ಅಡಿಪಾಯ ಕೊರೆದು ಇಡೀ ರಾಶಿ ಗಾಜಿನ ಮೇಲೆ ಉರುಳುತ್ತದೆ. ಕಲ್ಲುಗಳನ್ನು ಗಾಜಿನ ಮೇಲೆ, ಬೇಕಿದ್ದರೆ ತೆಳು ಪ್ಲಾಸ್ಟಿಕ್ ಜಾಲರಿ ಹಾಸಿ, ಅಲುಗಾಡದಂತೆ ಕೂರಿಸಿ. ಸುತ್ತಲೂ ಮರಳು ಹರಡಿ. ಆಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ಬೀಳುವಂತೆ ಉಪ್ಪುನೀರು ತುಂಬಿಸಿ. ನೀರು ತುಂಬಿದ ಟ್ಯಾಂಕಿಗೆ ಮರಳು ಸೇರಿಸಬೇಕಾದರೆ ಮೋಟರ್ ನಿಲ್ಲಿಸಿ, ಪಿವಿಸಿ ಪೈಪೊಂದನ್ನು ತಳ ಮುಟ್ಟಿಸಿ ಅದರೊಳಗೆ ಸುರಿಯಿರಿ. ಒಂದೆರಡು ದಿನ ನೀರು ಮಂಕಾಗಿರುತ್ತದೆ, ಫಿಲ್ಟರಿನಲ್ಲಿ ಹತ್ತಿ ಹಾಕಿದರೆ ತಿಳಿಯಾಗುತ್ತದೆ.

ಮುಂದಿನ ಆರೈಕೆ

ತೆಳು ಹಾಸನ್ನು ಪ್ರತಿ ಸಲ ನೀರು ಬದಲಾಯಿಸುವಾಗ ಮೂರರಲ್ಲಿ ಒಂದು ಭಾಗ ಸೈಫನ್ ಮಾಡಿ. ಮುಂದಿನ ಸಲ ಮುಂದಿನ ಭಾಗ. ಒಂದೇ ದಿನ ಎಲ್ಲವನ್ನೂ ಕಲಕಬೇಡಿ. ವರ್ಷಗಳಿಂದ ಮುಟ್ಟದ ಆಳದ ಹಾಸಿಗಂತೂ ಕೈಹಾಕಲೇಬೇಡಿ. ಮನೆ ಬದಲಾಯಿಸುವಾಗ ಹಳೆಯ ಮರಳನ್ನು ಹಾಗೇ ಹೊಸ ಟ್ಯಾಂಕಿಗೆ ಸುರಿಯುವುದು ಮೀನು ಸಾಯಿಸುವ ಸುಲಭದ ದಾರಿ. ತೊಳೆದು ಬೆಳ್ಳಗಾದ ಮೇಲೆ ಹಾಕಿ, ಇಲ್ಲವೇ ಹೊಸದು ತನ್ನಿ.

ಕರೆಂಟು ಹೋಗುವ ಊರುಗಳಲ್ಲಿ ಮರಳಿನ ಆಳಕ್ಕೆ ಇನ್ನೊಂದು ಅರ್ಥವಿದೆ. ಮರಳಿನೊಳಗಿನ ಬ್ಯಾಕ್ಟೀರಿಯಾ, ಹುಳುಗಳೂ ಉಸಿರಾಡುತ್ತವೆ. ಮೋಟರ್ ನಿಂತು ನೀರು ನಿಶ್ಚಲವಾದರೆ ಮೀನಿನ ಪಾಲಿನ ಆಮ್ಲಜನಕಕ್ಕೆ ಅವೂ ಪೈಪೋಟಿಗಿಳಿಯುತ್ತವೆ. ಹಾಸು ಆಳವಾದಷ್ಟೂ ಪೈಪೋಟಿ ಹೆಚ್ಚು. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ಮರಳಿನ ಜೊತೆಗೇ ಕೊಂಡುಬಿಡಿ. ವೇವ್‌ಮೇಕರನ್ನು ಯುಪಿಎಸ್‌ಗೆ ಸೇರಿಸಿದರೆ ಇನ್ನೂ ಭದ್ರ.

ಕೊನೆಗೆ ಯಾವುದು?

ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಯಲ್ಲಿ ಮೊದಲ ಬಾರಿಗೆ ಕಟ್ಟುವ ಟ್ಯಾಂಕಿಗೆ 1ರಿಂದ 2 ಮಿ.ಮೀ. ಹರಳಿನ ಒಣ ಅರಗೊನೈಟ್, 2.5ರಿಂದ 4 ಸೆಂ.ಮೀ. ಆಳ. ಮೆದು ಹವಳ, ಕ್ಲೌನ್‌ಫಿಶ್, ಬಸವನಹುಳು, ಶುಚಿ ಸೀಗಡಿ ಎಲ್ಲಕ್ಕೂ ಇದು ಒಪ್ಪುತ್ತದೆ. ಮರಳಲ್ಲಿ ಮಲಗುವ ವ್ರ್ಯಾಸ್ ಬೇಕೇ ಬೇಕೆಂದರೆ ನಯ ಮರಳು ತೆಗೆದುಕೊಂಡು, 5 ಸೆಂ.ಮೀ. ಹಾಕಿ, ವೇವ್‌ಮೇಕರನ್ನು ಮೇಲ್ಮುಖ ಮಾಡಿ. ಜೋರು ಹರಿವಿನ ಹವಳವೇ ಗುರಿಯಾದರೆ ಮರಳನ್ನೇ ಬಿಟ್ಟುಬಿಡಿ. ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಮರಳಿಗೆ ಉಳಿಸಿದ ದುಡ್ಡು ಆರ್‌ಒ, ಡಿಐಗೆ ಹೋಗಲಿ. ಬೋರ್‌ವೆಲ್ ನೀರಿನ ನಾಡಿನಲ್ಲಿ ಹವಳದ ಟ್ಯಾಂಕಿನ ಉಳಿವು ಅಳಿವು ತಳದ ಮರಳಿಗಿಂತ ಮೇಲಿನ ನೀರಿನದೇ.